ಬಂಪರ್ ಬಗ್ಗಿದಾಗ ಬರುವ ಮೂರನೆಯ ವ್ಯಕ್ತಿ

ಕಾರಿಗೆ ಕಾರು ತಾಗಿದ ಕೂಡಲೇ ನಮ್ಮಲ್ಲಿ ಮೂರು ಬಗೆಯ ಜನ ಸೇರುತ್ತಾರೆ. ಒಬ್ಬ "ಹೋಗ್ಲಿ ಬಿಡಿ ಸಾರ್, ಏನೋ ಒಂದು ಸಾವಿರ ಕೊಟ್ಟು ಮುಗಿಸಿ" ಅನ್ನುವವನು. ಇನ್ನೊಬ್ಬ "ಯಾಕ್ ಬಿಡ್ತೀರ, ನಡೀರಿ ಸ್ಟೇಷನ್ನಿಗೆ" ಅನ್ನುವವನು. ಮೂರನೆಯವನು ಅಲ್ಲಿ ಮಾತಾಡುವುದಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್-ರೇ ಕೊಠಡಿಯ ಹೊರಗೆ ಸಿಗುತ್ತಾನೆ, ಮೆಲ್ಲಗೆ ಒಂದು ಕಾರ್ಡು ಕೊಡುತ್ತಾನೆ. "ನಮ್ಮ ಲಾಯರ್ ಇದಾರೆ, ಈಗ ಒಂದು ರೂಪಾಯಿ ಕೊಡೋದು ಬೇಡ" ಅನ್ನುತ್ತಾನೆ.

ಮೊದಲಿನ ಇಬ್ಬರ ಬಗ್ಗೆ ಎಲ್ಲರೂ ಬರೆದಾಗಿದೆ. ಈ ಮೂರನೆಯವನು ಎಲ್ಲಿಂದ ಬಂದ ಅನ್ನುವುದು ನನಗೆ ಬಹಳ ದಿನದಿಂದ ಇದ್ದ ಕುತೂಹಲ. ಹುಡುಕುತ್ತಾ ಹೋದರೆ ಇದರ ಹಿಂದೆ ಒಂದೂಮುಕ್ಕಾಲು ಶತಮಾನದ ಇತಿಹಾಸವೇ ಇದೆ. ಅದರಲ್ಲಿ ಒಂದು ತಮಾಷೆಯೂ ಇದೆ. ಗಾಯಾಳು ಸುಲಭವಾಗಿ, ಬೇಗನೆ, ಹೆಚ್ಚು ಖರ್ಚಿಲ್ಲದೆ ಪರಿಹಾರ ಪಡೆಯಲಿ ಅಂತ ಕಟ್ಟಿದ ಜಾಗವೇ ಈಗ ವಕೀಲರಿಲ್ಲದೆ ಕಾಲಿಡಲು ಜನ ಹೆದರುವ ಜಾಗ ಆಗಿದೆ. ಸಣ್ಣ ಅಪಘಾತ ಆದಾಗ ವಕೀಲರನ್ನು ಇಟ್ಟುಕೊಳ್ಳಬೇಕೋ ಬೇಡವೋ ಎನ್ನುವ ನಮ್ಮ ಗೊಂದಲ ಹುಟ್ಟಿದ್ದು ಅಲ್ಲಿಯೇ.

(ನಾನು ವಕೀಲನಲ್ಲ. ಹಳೆಯ ಕಾಯ್ದೆಗಳನ್ನು ಓದುವ ಕೆಟ್ಟ ಚಟ ಇರುವ ಮನುಷ್ಯ, ಅಷ್ಟೆ. ಕಾನೂನು ಬಲ್ಲ ಮಿತ್ರರು ತಪ್ಪಿದ್ದರೆ ತಿದ್ದಲಿ.)

ಕತೆ ರೈಲಿನಿಂದ ಶುರುವಾಗುತ್ತದೆ. ಇಂಗ್ಲೆಂಡಿನಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಅದರ ಹೆಸರು ಡಿಯೋಡ್ಯಾಂಡ್, ಅಂದರೆ ದೇವರಿಗೆ ಕೊಡಬೇಕಾದದ್ದು. ಮನುಷ್ಯನ ಸಾವಿಗೆ ಯಾವ ವಸ್ತು ಕಾರಣವೋ ಆ ವಸ್ತುವೇ ತಪ್ಪಿತಸ್ಥ. ಗಾಡಿಯ ಚಕ್ರ ಹರಿದು ಸತ್ತರೆ ಚಕ್ರಕ್ಕೊಂದು ಬೆಲೆ ಕಟ್ಟಿ, ಅಷ್ಟು ಹಣವನ್ನು ರಾಜನ ಬೊಕ್ಕಸಕ್ಕೆ ತುಂಬಿಸಬೇಕು. ಎತ್ತು ಹಾಯ್ದು ಸತ್ತರೆ ಎತ್ತಿನ ಬೆಲೆ. ಶತಮಾನಗಳ ಕಾಲ ಇದು ನಾಲ್ಕಾಣೆ ಎಂಟಾಣೆಯ ಲೆಕ್ಕದಲ್ಲಿ ನಡೆದುಕೊಂಡು ಬಂತು. ಆಮೇಲೆ ರೈಲು ಬಂತು ನೋಡಿ! 1841ರ ಕ್ರಿಸ್‌ಮಸ್ ಹಿಂದಿನ ದಿನ ಸಾನಿಂಗ್ ಎಂಬಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಗಾಡಿ ಕುಸಿದ ಮಣ್ಣಿಗೆ ಡಿಕ್ಕಿ ಹೊಡೆದು ಹಲವರು ಸತ್ತರು. ತನಿಖೆಗೆ ಕೂತ ಜ್ಯೂರಿಯವರು ಆ ರೈಲಿನ ಮೇಲೆ 1,000 ಪೌಂಡು ಹಾಕಿಬಿಟ್ಟರು. ರೈಲ್ವೆ ಕಂಪನಿಗಳು ಗಾಬರಿಯಾದವು. 1846ರಲ್ಲಿ ಪಾರ್ಲಿಮೆಂಟು ಡಿಯೋಡ್ಯಾಂಡನ್ನು ರದ್ದು ಮಾಡಿತು. ಅದೇ ವರ್ಷ ಇನ್ನೊಂದು ಕಾಯ್ದೆ ಮಾಡಿ, ಸತ್ತವನ ಹೆಂಡತಿ ಮಕ್ಕಳು ತಪ್ಪಿತಸ್ಥನ ಮೇಲೆ ದಾವೆ ಹೂಡಬಹುದು ಅಂತ ಹೇಳಿತು. ಅದಕ್ಕೂ ಮೊದಲು ಆ ದಾರಿಯೇ ಇರಲಿಲ್ಲ. ಕೈ ಮುರಿದವನು ದಾವೆ ಹೂಡಬಹುದಿತ್ತು, ಸತ್ತರೆ ಮನೆಯವರಿಗೆ ಏನೂ ಇಲ್ಲ.

ಈ ಇಂಗ್ಲಿಷ್ ಕಾಯ್ದೆಯ ನಕಲು ಒಂಬತ್ತೇ ವರ್ಷದಲ್ಲಿ ನಮ್ಮ ದೇಶಕ್ಕೆ ಬಂತು. ಅದೇ 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆ. ಆಗ ಇಲ್ಲಿ ಮೋಟಾರು ಎಲ್ಲಿತ್ತು? ಜಗತ್ತಿನಲ್ಲೇ ಇರಲಿಲ್ಲ. ಐರ್ಲೆಂಡಿನ ಪಾರ್ಸನ್ಸ್‌ಟೌನ್‌ನಲ್ಲಿ ಮೇರಿ ವಾರ್ಡ್ ಎಂಬ ವಿಜ್ಞಾನಿ ಉಗಿಗಾಡಿಯಿಂದ ಬಿದ್ದು ತೀರಿಕೊಂಡದ್ದು 1869ರಲ್ಲಿ. ಸೂಕ್ಷ್ಮದರ್ಶಕದ ಬಗ್ಗೆ ಪುಸ್ತಕ ಬರೆದಾಕೆ, ಗಾಡಿ ಕಟ್ಟಿದವರು ಆಕೆಯ ನೆಂಟರೇ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಹತ್ತಿರ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಪೆಟ್ರೋಲ್ ಕಾರಿಗೆ ಸಿಕ್ಕಿ ಸತ್ತದ್ದು 1896ರ ಆಗಸ್ಟಿನಲ್ಲಿ. ಎರಡರಲ್ಲೂ ಬಂದ ತೀರ್ಪು ಒಂದೇ: ಆಕಸ್ಮಿಕ ಸಾವು. ಅಂದರೆ ಯಾರ ತಪ್ಪೂ ಇಲ್ಲ. "ಯಾರ ತಪ್ಪು?" ಎನ್ನುವ ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕತೆಯೆಲ್ಲ ಅದರ ಸುತ್ತಲೇ ಸುತ್ತುತ್ತದೆ.

ನಮ್ಮಲ್ಲಿ 1914ರಲ್ಲೊಂದು ಮೋಟಾರು ಕಾಯ್ದೆ ಬಂತು, ಚಿಕ್ಕದು. ಅದನ್ನು ತೆಗೆದು 1939ರಲ್ಲಿ ದೊಡ್ಡ ಕಾಯ್ದೆ ತಂದರು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಎನ್ನುವ ಮಾತು ಅದರಲ್ಲಿತ್ತು. ಇಂಗ್ಲೆಂಡು 1930ರಲ್ಲಿ ಮಾಡಿದ್ದನ್ನು ನೋಡಿ ಸೇರಿಸಿದ್ದು. ಆದರೆ ಆ ಅಧ್ಯಾಯ ಜಾರಿಗೆ ಬಂದದ್ದು ಯುದ್ಧ ಮುಗಿದ ಮೇಲೆ, 1946ರ ಜುಲೈ 1ರಂದು. ಇವತ್ತು ನಾವು ಬೈಯುತ್ತಾ ಕಟ್ಟುವ ಪ್ರೀಮಿಯಂ ಚೀಟಿಯ ಹುಟ್ಟುಹಬ್ಬ ಅದು.

ವಿಮೆ ಬಂತು. ಆದರೆ ಗಾಯಗೊಂಡವನು ಹೋಗಬೇಕಾದದ್ದು ಸಿವಿಲ್ ಕೋರ್ಟಿಗೇ. ಅಲ್ಲಿ ಕೇಳುವ ಮೊತ್ತಕ್ಕೆ ತಕ್ಕ ಹಾಗೆ ಕೋರ್ಟ್ ಫೀಜು ಕಟ್ಟಬೇಕು. ಹತ್ತು ಸಾವಿರ ಕೇಳುವ ಬಡವ ಮೊದಲು ಕೈಯಿಂದ ಹಣ ಹಾಕಬೇಕು. ಸಾಕ್ಷಿ, ಪಾಟಿ ಸವಾಲು, ವಾಯಿದೆ, ಮತ್ತೆ ವಾಯಿದೆ. ಲಾರಿ ಹಾಯ್ದು ಕಾಲು ಕಳೆದುಕೊಂಡ ಕೂಲಿಯವನು ಇದನ್ನೆಲ್ಲ ಮಾಡುವುದುಂಟೆ?

ಹಾಗಾಗಿ 1956ರಲ್ಲಿ ತಿದ್ದುಪಡಿ ತಂದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಎನ್ನುವ ಹೊಸ ವ್ಯವಸ್ಥೆ ಮಾಡಿದರು. 110ನೆಯ ಸೆಕ್ಷನ್ನಿಗೆ ಎ, ಬಿ, ಸಿ ಅಂತ ಬಾಲಗಳನ್ನು ಅಂಟಿಸಿದ್ದು ಆಗಲೇ. ದಾವೆ ಅಲ್ಲ, ಅರ್ಜಿ. ಪೂರ್ಣ ವಿಚಾರಣೆ ಅಲ್ಲ, ಸಂಕ್ಷಿಪ್ತ ವಿಚಾರಣೆ. ಮಂಡಳಿ ಇರುವ ಕಡೆ ಸಿವಿಲ್ ಕೋರ್ಟು ಕೈ ಹಾಕುವಂತಿಲ್ಲ. ಗಾಯಾಳು ತಾನೇ ಬಂದು ಅರ್ಜಿ ಕೊಡಲಿ, ಮಂಡಳಿಯವರು ನೋಡಿ "ನ್ಯಾಯವಾದದ್ದು" ಅನ್ನಿಸಿದಷ್ಟು ಕೊಡಲಿ ಎನ್ನುವುದು ಉದ್ದೇಶ. ಅರ್ಜಿ ಕೊಡಲು ಬರೀ 60 ದಿನ. 1969ರಲ್ಲಿ ಅದನ್ನು ಆರು ತಿಂಗಳು ಮಾಡಿದರು. ವಾಹನಕ್ಕೆ ಅಥವಾ ಆಸ್ತಿಗೆ ಆದ ನಷ್ಟವನ್ನೂ ಮಂಡಳಿಯ ಮುಂದೆ ತರಬಹುದು ಅಂತಾದದ್ದೂ 1969ರಲ್ಲೇ. ಆದರೆ ಆಸ್ತಿ ನಷ್ಟಕ್ಕೆ ವಿಮೆಯ ಕಡ್ಡಾಯ ಮಿತಿ 2,000 ರೂಪಾಯಿ. ಮುಂದೆ ಅದು 6,000 ಆಯಿತು, 1988ರ ಕಾಯ್ದೆಯೂ ಆ 6,000ವನ್ನೇ ಇಟ್ಟುಕೊಂಡಿತು. ಬಗ್ಗಿದ ಬಂಪರಿನ ವಿಷಯದಲ್ಲಿ ಕಾನೂನಿನ ತಲೆನೋವು ಎಷ್ಟಿತ್ತು ಎಂಬುದಕ್ಕೆ ಈ ಅಂಕಿಯೇ ಸಾಕ್ಷಿ. ಕಾನೂನು ಮನುಷ್ಯರ ಮೈ ನೋಡಿತು, ತಗಡನ್ನು ನೋಡಲಿಲ್ಲ.

ಇಲ್ಲಿ ಒಂದು ಮಾತು. ವಕೀಲರನ್ನು ಹೊರಗಿಡುವುದು ಹೇಗೆ ಅಂತ ನಮ್ಮ ಪಾರ್ಲಿಮೆಂಟಿಗೆ ಗೊತ್ತಿರಲಿಲ್ಲ ಅಂತಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ನೋಡಿ. ಲೇಬರ್ ಕೋರ್ಟಿನಲ್ಲಿ ವಕೀಲರು ನಿಲ್ಲಬೇಕಾದರೆ ಎದುರು ಪಕ್ಷ ಒಪ್ಪಬೇಕಿತ್ತು, ಕೋರ್ಟೂ ಒಪ್ಪಬೇಕಿತ್ತು. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯಲ್ಲೂ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ. ಅಪಘಾತ ಮಂಡಳಿಗೆ ಮಾತ್ರ ಅಂಥ ಬೇಲಿ ಹಾಕಲೇ ಇಲ್ಲ. ಬಾಗಿಲು ತೆರೆದಿತ್ತು. ಮೊದಲು ಒಳಗೆ ಬಂದವರು ಗಾಯಾಳುವಿನ ವಕೀಲರೋ ವಿಮಾ ಕಂಪನಿಯ ವಕೀಲರೋ? ಕಂಪನಿಯದ್ದು ನೂರಾರು ಕೇಸು, ಅದಕ್ಕೆ ಖಾಯಂ ಪ್ಯಾನೆಲ್ ವಕೀಲರು ಇದ್ದೇ ಇರುತ್ತಾರೆ. ಅಂಥವರು ಎದುರಿಗೆ ಕರಿಕೋಟು ಹಾಕಿಕೊಂಡು ನಿಂತಾಗ, ಕಾಲಿಗೆ ಪಟ್ಟಿ ಕಟ್ಟಿಕೊಂಡ ಮನುಷ್ಯ ಒಬ್ಬನೇ ಎಷ್ಟು ಹೊತ್ತು ನಿಲ್ಲುತ್ತಾನೆ?

ಬಾಗಿಲನ್ನು ಇನ್ನೂ ಅಗಲ ಮಾಡಿದ್ದು "ಯಾರ ತಪ್ಪು" ಎನ್ನುವ ಆ ಹಳೆಯ ಪ್ರಶ್ನೆ. ಮಂಡಳಿ ಹೊಸದು, ಪ್ರಶ್ನೆ ಹಳೆಯದು. ಮಿನು ಮೆಹ್ತಾ ಪ್ರಕರಣದಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ಚಾಲಕನ ನಿರ್ಲಕ್ಷ್ಯ ಸಾಬೀತಾಗದೆ ಮಾಲೀಕನೂ ಕೊಡಬೇಕಿಲ್ಲ, ವಿಮಾ ಕಂಪನಿಯೂ ಕೊಡಬೇಕಿಲ್ಲ. ನಮ್ಮ ಪೊಲೀಸ್ ದೂರುಗಳಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು" ಎನ್ನುವ ಸಾಲು ಮಂತ್ರದ ಹಾಗೆ ಬರುತ್ತದಲ್ಲ, ಅದು ಸುಮ್ಮನೆ ಅಲ್ಲ. ಆ ಸಾಲಿಲ್ಲದಿದ್ದರೆ ಮುಂದಿನ ಬಾಗಿಲು ತೆರೆಯುವುದು ಕಷ್ಟ. ನಿರ್ಲಕ್ಷ್ಯ ಸಾಬೀತು ಮಾಡುವುದು ಅಂದರೆ ಮಹಜರು, ಸ್ಕೆಚ್ಚು, ಸಾಕ್ಷಿ, ಪಾಟಿ ಸವಾಲು. ಅಂದರೆ ವಕೀಲರ ಕೆಲಸ.

ಕೋರ್ಟುಗಳಿಗೂ ಇದು ಕಿರಿಕಿರಿಯೇ. 1980ರಲ್ಲಿ ಕೃಷ್ಣ ಅಯ್ಯರ್ ಅವರು ಎನ್.ಕೆ.ವಿ. ಬ್ರದರ್ಸ್ ಪ್ರಕರಣದಲ್ಲಿ, ತಾಂತ್ರಿಕ ಸೂಕ್ಷ್ಮಗಳ ಹಿಂದೆ ಬಿದ್ದು ಗಾಯಾಳುಗಳನ್ನು ಬರಿಗೈಲಿ ಕಳಿಸಬೇಡಿ ಅಂತ ಮಂಡಳಿಗಳಿಗೆ ಬುದ್ಧಿ ಹೇಳಿದರು. 1982ರಲ್ಲಿ ಪಾರ್ಲಿಮೆಂಟು ಮೊದಲ ಸಲ ತಪ್ಪಿನ ಪ್ರಶ್ನೆ ಕೇಳದೆ ಕೊಡುವ ಪರಿಹಾರ ತಂದಿತು. ಸಾವಿಗೆ 15,000, ಶಾಶ್ವತ ಅಂಗವಿಕಲತೆಗೆ 7,500. ಐದು ವರ್ಷದ ನಂತರ, 1987ರಲ್ಲಿ, ನಮ್ಮ ಪಾಂಡವಪುರ ಸೀಮೆಯವರಾದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು ಒಂದರ ಹಿಂದೆ ಒಂದು ಎರಡು ತೀರ್ಪು ಬರೆದರು. ಒಂದು ಗುಜರಾತಿನ ಬಸ್ಸಿನದ್ದು, ಇನ್ನೊಂದು ಕೇರಳದ್ದು. ಈ ರಸ್ತೆಗಳಲ್ಲಿ ತಪ್ಪು ಯಾರದ್ದು ಅಂತ ಸಾಬೀತು ಮಾಡುವ ಭಾರವನ್ನು ಗಾಯಾಳುವಿನ ಮೇಲೆ ಹಾಕುವುದು ಎಷ್ಟು ಸರಿ, ಕಾನೂನಿನ ಈ ಮೊತ್ತಗಳು ಎಷ್ಟು ಹಳೆಯವಾದವು ಅಂತ ಸರ್ಕಾರಕ್ಕೆ ನೇರವಾಗಿಯೇ ಹೇಳಿದರು. ಮರುವರ್ಷ ಹೊಸ ಕಾಯ್ದೆ ಬಂತು. 1988ರ ಮೋಟಾರು ವಾಹನ ಕಾಯ್ದೆ, ಜಾರಿಗೆ ಬಂದದ್ದು 1989ರ ಜುಲೈ 1ಕ್ಕೆ. ಮೊತ್ತಗಳು 25,000 ಮತ್ತು 12,000 ಆದವು, 1994ರಲ್ಲಿ 50,000 ಮತ್ತು 25,000. ವೆಂಕಟರಾಮಯ್ಯನವರು 1989ರಲ್ಲಿ ಮುಖ್ಯ ನ್ಯಾಯಮೂರ್ತಿಯೂ ಆದರು. ನಮ್ಮ ಕಡೆಯವರು ಅವರನ್ನು ನೆನೆಯುವುದು ಕಡಿಮೆ, ಅದಕ್ಕೇ ಇಲ್ಲಿ ಎರಡು ಸಾಲು ಜಾಸ್ತಿ ಬರೆದೆ.

1994ರ ತಿದ್ದುಪಡಿ ನನ್ನ ಪ್ರಕಾರ ಇಡೀ ಕತೆಯ ಅತಿ ಒಳ್ಳೆಯ ಪುಟ. ಮೂರು ಕೆಲಸ ಮಾಡಿತು. ಅರ್ಜಿಗೆ ಇದ್ದ ಆರು ತಿಂಗಳ ಗಡುವನ್ನೇ ಕಿತ್ತುಹಾಕಿತು. ಅಪಘಾತ ಎಲ್ಲೇ ಆಗಿರಲಿ, ಗಾಯಾಳು ತನ್ನ ಊರಿನ ಮಂಡಳಿಯಲ್ಲೇ ಅರ್ಜಿ ಹಾಕಬಹುದು ಅಂದಿತು (ಹುಬ್ಬಳ್ಳಿಯವನು ಪುಣೆಯಲ್ಲಿ ಬಿದ್ದರೆ ಪುಣೆಗೆ ಅಲೆಯಬೇಕಿಲ್ಲ). ಮೂರನೆಯದು, ಪೊಲೀಸರು ಕಳಿಸಿದ ಅಪಘಾತ ವರದಿಯನ್ನೇ ಮಂಡಳಿ ಪರಿಹಾರದ ಅರ್ಜಿ ಅಂತ ತೆಗೆದುಕೊಳ್ಳಬೇಕು. ಗಮನಿಸಿ, ವಕೀಲರು ಹಾಗಿರಲಿ, ಅರ್ಜಿಯೂ ಬೇಡ! ಕಾಗದದ ಮೇಲೆ 1956ರ ಕನಸು ಪೂರ್ತಿಯಾದದ್ದು ಆಗ.

ಕಾಗದದ ಮೇಲೆ ಮಾತ್ರ. ವರದಿ ಸ್ಟೇಷನ್ನಿನಿಂದ ಮಂಡಳಿಗೆ ಹೋಗುತ್ತಲೇ ಇರಲಿಲ್ಲ. ದೆಹಲಿ ಹೈಕೋರ್ಟು 2009ರಿಂದ ರಾಜೇಶ್ ತ್ಯಾಗಿ ಪ್ರಕರಣದಲ್ಲಿ ಇದರ ಬೆನ್ನು ಹತ್ತಿ ಒಂದು ಪದ್ಧತಿ ರೂಪಿಸಿತು. ಅದೇ ಬೆಳೆದು 2022ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ನಿಯಮವಾಯಿತು: ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿ ಕೊಡಬೇಕು, 90 ದಿನದೊಳಗೆ ವಿವರವಾದ ವರದಿ ಕೊಡಬೇಕು, ವಿಮಾ ಕಂಪನಿಯ ಅಧಿಕಾರಿ ತಾನೇ ಮುಂದೆ ಬಂದು ಇಷ್ಟು ಕೊಡುತ್ತೇವೆ ಅಂತ ಹೇಳಬೇಕು. ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕು ಅಂತ ಮತ್ತೆ ಹೇಳಬೇಕಾಯಿತು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯದೇ ಒಂದು ಪ್ರಸಂಗ ಹೇಳಬೇಕು. ಇಲ್ಲದಿದ್ದರೆ ಇದೆಲ್ಲ ಬರೀ ಇಸವಿಗಳ ಪಟ್ಟಿ ಆಗುತ್ತದೆ.

2023ರಲ್ಲಿ ನಮ್ಮ ಸೋದರತ್ತೆ ಮಗನ ಕಾರಿನಲ್ಲಿ ತುಮಕೂರಿನಿಂದ ಬರುತ್ತಿದ್ದರು. ನೆಲಮಂಗಲದ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಹಿಂದಿನಿಂದ ಇನ್ನೊಂದು ಕಾರು ಬಂದು ಗುದ್ದಿತು. ದೊಡ್ಡದೇನಲ್ಲ. ಬಂಪರು ಬಗ್ಗಿತ್ತು, ಡಿಕ್ಕಿ ಬಾಗಿಲು ಮುಚ್ಚುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅತ್ತೆ ಮುಂದಿನ ಸೀಟಿಗೆ ಬಲಗೈ ಊರಿದ್ದರು, ಮಣಿಕಟ್ಟು ಸ್ವಲ್ಪ ನೋವು ಅಂದರು. ಗುದ್ದಿದಾತ ಸಜ್ಜನ. ಸ್ಥಳದಲ್ಲೇ ಗ್ಯಾರೇಜಿನ ಖರ್ಚು ಕೊಡುತ್ತೇನೆ ಅಂದ, ಅದರ ಜೊತೆಗೆ "ಇನ್ನೇನೂ ತಕರಾರಿಲ್ಲ" ಅಂತ ಒಂದು ಚೀಟಿ ಬರೆದು ಎಲ್ಲರೂ ಸಹಿ ಹಾಕಿ ಅಂದ. ಮಗ ಹಾಕಿದ. ಅತ್ತೆ ಪೆನ್ನು ಹಿಡಿಯಲು ಹೋದರೆ ಬೆರಳು ಮಡಚಲು ಬರಲಿಲ್ಲ :) ಸಹಿ ಹಾಗೇ ಉಳಿಯಿತು. ಸಂಜೆ ಎಕ್ಸ್-ರೇ ತೆಗೆದಾಗ ಗೊತ್ತಾಯಿತು, ಮೂಳೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಆರು ವಾರ ಪ್ಲಾಸ್ಟರು.

ಆ ಮೂರನೆಯ ವ್ಯಕ್ತಿ ಬಂದದ್ದು ಅವತ್ತೇ, ಪ್ಲಾಸ್ಟರ್ ಒಣಗುವ ಮೊದಲು. ಫೀಜು ಬೇಡವಂತೆ, ಬಂದ ಹಣದಲ್ಲಿ ಪಾಲು ಕೊಟ್ಟರೆ ಸಾಕಂತೆ. "ಅಂಗವಿಕಲತೆ ಸರ್ಟಿಫಿಕೇಟೂ ನಾವೇ ಮಾಡಿಸ್ತೀವಿ" ಅಂದ.

ಅಮೆರಿಕದಲ್ಲಿರುವ ಮಿತ್ರರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಅಲ್ಲಿ ಗೆದ್ದರೆ ಮೂರರಲ್ಲೊಂದು ಪಾಲು ವಕೀಲರಿಗೆ ಅನ್ನುವುದು ರಾಜಾರೋಷದ ಒಪ್ಪಂದ, ಹೆದ್ದಾರಿಯ ಬದಿಯಲ್ಲಿ ಫಲಕಗಳೇ ಇರುತ್ತವೆ. ನಮ್ಮಲ್ಲಿ ಅದು ವೃತ್ತಿ ನಿಯಮಕ್ಕೆ ವಿರುದ್ಧ. 1954ರಲ್ಲೇ ಸುಪ್ರೀಂ ಕೋರ್ಟು, ವಸೂಲಾದ ಹಣದಲ್ಲಿ ಅರ್ಧ ಪಾಲಿಗೆ ಒಪ್ಪಂದ ಮಾಡಿಕೊಂಡ ಒಬ್ಬ ಹಿರಿಯ ವಕೀಲರ ವಿಷಯದಲ್ಲಿ ಇದು ವೃತ್ತಿ ದುರ್ನಡತೆ ಅಂತ ತೀರ್ಮಾನಿಸಿತು (ತೀರ್ಪಿನಲ್ಲಿ ಅವರ ಹೆಸರೂ ಇಲ್ಲ, "ಜಿ" ಎಂಬ ಒಂದೇ ಅಕ್ಷರ). ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಅದನ್ನೇ ಹೇಳುತ್ತವೆ: ಫಲಿತಾಂಶದ ಮೇಲೆ ನಿಂತ ಫೀಜು ಕೂಡದು, ಬಂದದ್ದರಲ್ಲಿ ಪಾಲು ಕೂಡದು, ಜನರನ್ನು ಕಳಿಸಿ ಕೇಸು ಹಿಡಿಸುವುದೂ ಕೂಡದು. ಹಾಗಿದ್ದೂ ಇದು ನಡೆಯುತ್ತದೆ. ಉತ್ತರ ಪ್ರದೇಶದಲ್ಲಿ ಸುಳ್ಳು ಅಪಘಾತ ಕೇಸುಗಳ ತನಿಖೆಗೆ ಅಂತಲೇ 2015ರಲ್ಲಿ ಅಲಹಾಬಾದ್ ಹೈಕೋರ್ಟು ವಿಶೇಷ ತಂಡ ರಚಿಸಬೇಕಾಯಿತು.

ಪಾಲಿನ ಒಪ್ಪಂದವನ್ನು ನಾನು ಪೂರ್ತಿ ಬೈಯುವುದಿಲ್ಲ. ಕೈಯಲ್ಲಿ ಕಾಸಿಲ್ಲದವನಿಗೆ ಅದೊಂದೇ ದಾರಿಯಾಗಿ ಕಂಡರೆ ತಪ್ಪು ಅವನದಲ್ಲ. ಆದರೆ ಸಣ್ಣ ಗಾಯದ ಮಟ್ಟಿಗೆ ಅದು ಶುದ್ಧ ನಷ್ಟದ ವ್ಯಾಪಾರ. ಯಾಕೆಂದರೆ ಸಣ್ಣ ಗಾಯಕ್ಕೆ ಸಿಗುವ ಹಣದ ಲೆಕ್ಕ ಹೆಚ್ಚು ಕಡಿಮೆ ಮೊದಲೇ ನಿರ್ಧಾರವಾಗಿರುತ್ತದೆ. ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು 2010ರಲ್ಲಿ ರಾಜಕುಮಾರ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ (ನಮ್ಮ ಅಣ್ಣಾವ್ರಲ್ಲ, ಬೇರೆ ರಾಜಕುಮಾರ್). ಸಾಮಾನ್ಯ ಗಾಯದ ಕೇಸುಗಳಲ್ಲಿ ಕೊಡುವುದು ಮೂರು ಬಾಬ್ತಿಗೆ: ಚಿಕಿತ್ಸೆ, ಓಡಾಟ, ಪೌಷ್ಟಿಕ ಆಹಾರ ಇತ್ಯಾದಿಯ ಖರ್ಚು, ಚಿಕಿತ್ಸೆಯ ದಿನಗಳಲ್ಲಿ ತಪ್ಪಿದ ಸಂಪಾದನೆ, ನೋವು ಮತ್ತು ಯಾತನೆ. ಮುಂದಿನ ಸಂಪಾದನೆಯ ನಷ್ಟ, ಬದುಕಿನ ಸುಖದ ನಷ್ಟ ಇವೆಲ್ಲ ಬರುವುದು ಗಾಯ ಗಂಭೀರವಾಗಿದ್ದು, ಅದಕ್ಕೆ ವೈದ್ಯರ ನಿಜವಾದ ಸಾಕ್ಷ್ಯ ಇದ್ದಾಗ ಮಾತ್ರ. ಅಂದರೆ ಆಸ್ಪತ್ರೆಯ ಬಿಲ್ಲು, ಔಷಧಿ ಚೀಟಿ, ಎಂಎಲ್‌ಸಿ ದಾಖಲೆ, ವೂಂಡ್ ಸರ್ಟಿಫಿಕೇಟು, ರಜೆಯ ಪತ್ರ ಇಷ್ಟಿದ್ದರೆ ಅರ್ಧ ಕೆಲಸ ಮುಗಿಯಿತು. ಕೂಡುವ ಲೆಕ್ಕ ಮಾಡಲು ಮೂರರಲ್ಲೊಂದು ಪಾಲು ಯಾಕೆ ಕೊಡಬೇಕು?

ಅತ್ತೆಯ ಮನೆಯಲ್ಲಿ ಇದೇ ಚರ್ಚೆ ಎರಡು ವಾರ ನಡೆಯಿತು. ಅವರ ಮಗ "ಲಾಯರು ಗೀಯರು ಬೇಡಮ್ಮ, ಅಲೆದಾಟ" ಅಂದ. ಭಾವ "ಬಿಡಬಾರದು" ಅಂದರು. ಅತ್ತೆ ಮಾತ್ರ "ನಾನೇನು ದುಡೀತಿದ್ನಾ, ನಂಗ್ಯಾಕೆ ದುಡ್ಡು ಕೊಡ್ತಾರೆ" ಅಂದರು. ನಾನು ಅವರಿಗೆ ಹೇಳಿದ್ದು ಇದು: ದುಡಿಮೆ ಇಲ್ಲದವರು ಅಂತ ಕೋರ್ಟು ಈಗ ಹೇಳುವುದಿಲ್ಲ ಅತ್ತೆ. 2010ರಲ್ಲಿ ಅರುಣ್ ಕುಮಾರ್ ಅಗರವಾಲ್ ಪ್ರಕರಣದಲ್ಲಿ, ಆಮೇಲೆ 2021ರಲ್ಲಿ ಕೀರ್ತಿ ಪ್ರಕರಣದಲ್ಲಿ, ಮನೆಗೆಲಸಕ್ಕೆ ಬೆಲೆ ಇದೆ, ಅದನ್ನು ಲೆಕ್ಕ ಹಿಡಿಯಬೇಕು ಅಂತ ಸುಪ್ರೀಂ ಕೋರ್ಟು ಹೇಳಿದೆ. ಆರು ವಾರ ಆರು ಜನರಿಗೆ ಅಡುಗೆ ಯಾರು ಮಾಡಿದರು, ಅದಕ್ಕೆ ಎಷ್ಟು ಕೊಟ್ಟರು? ಅಡುಗೆಯವರಿಗೆ ಕೊಟ್ಟ ಚೀಟಿ ಇಟ್ಟುಕೊಳ್ಳಿ ಅಂದೆ. ಅವರಿಗೆ ನಗು ಬಂತು. ಚೀಟಿ ಮಾತ್ರ ಇಟ್ಟುಕೊಂಡರು.

ಆದರೆ ಅವರ ಕೇಸಿನಲ್ಲಿ ಒಂದು ತಿರುವು ಇತ್ತು. ವಕೀಲರು ಬೇಕೇ ಅನ್ನುವ ಪ್ರಶ್ನೆಗೆ ಬಗ್ಗಿದ ಬಂಪರು ಉತ್ತರ ಕೊಡುವುದಿಲ್ಲ ಅಂತ ನನಗೆ ಮನವರಿಕೆ ಆದದ್ದು ಅಲ್ಲೇ. 2019ರ ತಿದ್ದುಪಡಿಯಲ್ಲಿ ಹಳೆಯ ತಪ್ಪು ಕೇಳದ ಪರಿಹಾರಗಳನ್ನೆಲ್ಲ ತೆಗೆದು 164ನೆಯ ಸೆಕ್ಷನ್ನನ್ನು ಹೊಸದಾಗಿ ಬರೆದರು, ಅದು ಜಾರಿಗೆ ಬಂದದ್ದು 2022ರ ಏಪ್ರಿಲ್ 1ಕ್ಕೆ. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಯಾರ ತಪ್ಪು ಅಂತ ಸಾಬೀತು ಮಾಡಬೇಕಿಲ್ಲ. ಇನ್ನು "ತೀವ್ರ ಗಾಯ" ಅಂದರೆ ಏನು? ಅದಕ್ಕೆ ದಂಡ ಸಂಹಿತೆಯ ಅರ್ಥವೇ ಇದಕ್ಕೂ ಅರ್ಥ. 1860ರಲ್ಲಿ ಬರೆದ ಆ ಪಟ್ಟಿಯಲ್ಲಿ ಕಣ್ಣು ಹೋಗುವುದು, ಕಿವಿ ಹೋಗುವುದು ಇವುಗಳ ಜೊತೆಗೇ ಮೂಳೆ ಅಥವಾ ಹಲ್ಲು ಮುರಿಯುವುದೂ ಇದೆ. ಕೂದಲೆಳೆಯ ಬಿರುಕೂ ಮುರಿತವೇ. ಅಂದರೆ ನಾವೆಲ್ಲ "ಸಣ್ಣದು" ಅಂದ ಅಪಘಾತ ಕಾನೂನಿನ ಕಣ್ಣಲ್ಲಿ ಸಣ್ಣದಲ್ಲ! ಆದರೆ 164ರಲ್ಲಿ ಹಣ ತೆಗೆದುಕೊಂಡರೆ ತಪ್ಪನ್ನು ಸಾಬೀತು ಮಾಡಿ ಪೂರ್ತಿ ಪರಿಹಾರ ಕೇಳುವ 166ರ ಅರ್ಜಿ ಬಿದ್ದುಹೋಗುತ್ತದೆ. ಎರಡರಲ್ಲಿ ಒಂದು. ಕೈ ಪೂರ್ತಿ ಸರಿಹೋಗುವ ಅರವತ್ತೆರಡರ ಗೃಹಿಣಿಗೆ 164 ಲಾಭ. ಅದೇ ಮಣಿಕಟ್ಟು ಒಬ್ಬ ಟೈಲರಿನದೋ ವೀಣೆ ನುಡಿಸುವವರದೋ ಆಗಿದ್ದು, ಬೆರಳು ಮೊದಲಿನಂತೆ ಆಡದಿದ್ದರೆ 166ರಲ್ಲಿ ಇದರ ಹಲವು ಪಟ್ಟು ಬರಬಹುದು. ಯಾವ ಬಾಗಿಲು ಅಂತ ಆರಿಸುವ ಈ ಒಂದು ಗಳಿಗೆಗೆ ಬಲ್ಲವರ ಮಾತು ಬೇಕು. ಉಳಿದದ್ದಕ್ಕೆ ಅಲ್ಲ.

ಅತ್ತೆ ಆಸ್ಪತ್ರೆಯಲ್ಲಿ ಸಿಕ್ಕ ಕಾರ್ಡನ್ನು ಎತ್ತಿಟ್ಟು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದರು. ಇದು ಬಹಳ ಜನಕ್ಕೆ ಗೊತ್ತಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಫೋನು 15100. ಆ ಕಾಯ್ದೆ ಜಾರಿಯಾದದ್ದು 1995ರ ನವೆಂಬರ್ 9ಕ್ಕೆ. ಸಮಿತಿ ಕೊಟ್ಟ ವಕೀಲರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಗದಗಳನ್ನು ನೋಡಿದವರೇ ಮೊದಲು ಕೇಳಿದ್ದು "ಅಮ್ಮ, ನೀವೆಲ್ಲೂ ಸಹಿ ಹಾಕಿಲ್ಲ ತಾನೆ?" ಅಂತ. 164ರಲ್ಲೇ ಅರ್ಜಿ ಹಾಕಿದರು, ಮುಗಿದದ್ದೂ ಅದರಲ್ಲೇ. ಪಾಲು ಯಾರಿಗೂ ಹೋಗಲಿಲ್ಲ.

ಕಾರಿನ ಕತೆ ಬೇರೆ. ಮಗ ಗ್ಯಾರೇಜಿನ ಹಣ ತೆಗೆದುಕೊಂಡಾಗಿತ್ತು, ಅಲ್ಲಿಗೆ ಮುಗಿಯಿತು. ಬರೀ ತಗಡಿನ ವಿಷಯವಾದರೆ ಅದೇ ಸರಿ ಅಂತ ನನ್ನ ಅಭಿಪ್ರಾಯ. ಸ್ವಂತ ವಿಮೆಯಲ್ಲಿ ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಮೊದಲ ವರ್ಷಕ್ಕೆ ನೂರಕ್ಕೆ 20, ಐದು ವರ್ಷ ಕ್ಲೇಮಿಲ್ಲದಿದ್ದರೆ 50ರವರೆಗೆ ಬೆಳೆದದ್ದು ಒಂದೇ ಏಟಿಗೆ ಸೊನ್ನೆ. ಟಿಂಕರಿಂಗ್ ಬಿಲ್ಲು ಅದಕ್ಕಿಂತ ಕಡಿಮೆ ಇದ್ದರೆ ಕ್ಲೇಮೂ ಬೇಡ, ವಕೀಲರಂತೂ ಬೇಡವೇ ಬೇಡ. ಆದರೆ ಕಾರಿನ ಹಣದ ಚೀಟಿಯಲ್ಲಿ ಕಾರಿನ ಮಾತು ಮಾತ್ರ ಇರಲಿ. ಕಾರಿನಲ್ಲಿ ಕೂತವರ ಮೈಯ ಮಾತನ್ನು ಅದೇ ಚೀಟಿಯಲ್ಲಿ ಸೇರಿಸಲು ಬಿಡಬೇಡಿ. ಕುತ್ತಿಗೆಯ ನೋವು ಮೂರನೆಯ ದಿನ ಬರುವುದೂ ಉಂಟು.

ರಾಜಿಯ ಬಗ್ಗೆಯೂ ಒಂದು ಮಾತು. ಲೋಕ ಅದಾಲತ್ತಿನಲ್ಲಿ ಸಣ್ಣ ಕೇಸುಗಳು ಒಂದೇ ದಿನದಲ್ಲಿ ಮುಗಿಯುತ್ತವೆ, ಒಳ್ಳೆಯದೇ. ಆದರೆ ಅಲ್ಲಿ ಆದ ಆದೇಶದ ಮೇಲೆ ಮೇಲ್ಮನವಿ ಇಲ್ಲ. ನೋವು ಪೂರ್ತಿ ನಿಂತಿದೆ, ಡಾಕ್ಟರು ಇನ್ನು ಬರಬೇಡಿ ಅಂದಿದ್ದಾರೆ ಅನ್ನುವವರೆಗೆ ಅಲ್ಲಿ ಕೈ ಕುಲುಕದಿರುವುದು ಲೇಸು.

ಹಾಗಂತ ಬಹಳ ಕಾಯುವಂತೆಯೂ ಇಲ್ಲ. 1994ರಲ್ಲಿ ಕಿತ್ತುಹಾಕಿದ್ದ ಆರು ತಿಂಗಳ ಗಡುವನ್ನು 2019ರ ತಿದ್ದುಪಡಿ ಮತ್ತೆ ತಂದು ನೆಟ್ಟಿತು, ಅದೂ 2022ರ ಏಪ್ರಿಲ್ 1ರಿಂದ ಜಾರಿ. ಇದನ್ನು ಪ್ರಶ್ನಿಸಿ ಹಲವರು ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ಮುಗಿಯುವವರೆಗೆ ಗಡುವು ಮೀರಿದೆ ಎಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಅಂತ 2025ರ ನವೆಂಬರಿನಲ್ಲಿ ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಅದು ಮಧ್ಯಂತರ ಆದೇಶ, ಅಂತಿಮ ತೀರ್ಪಲ್ಲ. ಅತ್ತೆಯ ಅರ್ಜಿ ಐದನೆಯ ತಿಂಗಳಲ್ಲಿ ಒಳಗೆ ಹೋಗಿತ್ತು.